ನಾವು ಎಂಬ ಮಾತಿನೊಳಗೆ ಯಾರು ಯಾರು ಇದ್ದಾರೆ?

ಬೇರೆ ಭಾಷೆಯವರ ಸಂಗಡ, ಬೇರೆ ನಡೆನುಡಿಯಲ್ಲಿ ಬೆಳೆದವರ ಸಂಗಡ, ಅವರ ಮನಸ್ಸಿಗೆ ಮುಟ್ಟುವ ಹಾಗೆ ಮಾತಾಡುವದು ಹೇಗೆಂಬ ವಿಷಯವನ್ನು ಈ ಪಾಠದಲ್ಲಿ ಸ್ವಲ್ಪ ವಿಚಾರಿಸೋಣ. ಇದು ಪಟ್ಟಣವಾಸಿಗಳಿಗೂ ಸಮುದ್ರ ದಾಟಿ ಕೆಲಸಕ್ಕೆ ಹೋಗುವವರಿಗೂ ಬೇಕಾದ ವಿದ್ಯೆಯೇ ಹೊರತು ಹಳ್ಳಿಯ ಸಭೆಗಳಿಗೆ ಸಂಬಂಧಪಟ್ಟದ್ದಲ್ಲವೆಂದು ಯಾರೂ ನೆನಸಬಾರದು. ಈಗ ಕರಾವಳಿಯ ಕೆಂಪುಕಲ್ಲಿನ ಕೋರೆಗಳಲ್ಲಿ ಕಲ್ಲು ಹೊರುವವರು ಗದಗ, ಕೊಪ್ಪಳ, ಬಾಗಲಕೋಟೆಗಳ ಕಡೆಯಿಂದ ಬಂದಿದ್ದಾರೆ. ಮಲ್ಪೆಯ ದೋಣಿಗಳಲ್ಲಿ ಬಲೆ ಎಳೆಯುವವರೊಳಗೆ ಒಡಿಶಾದವರು ಇದ್ದಾರೆ. ಕೊಡಗಿನ ಕಾಫಿ ತೋಟದ ಲೈನುಮನೆಗಳಲ್ಲಿ ಅಸ್ಸಾಮಿನವರ ಮಾತು ಕೇಳಿಬರುತ್ತದೆ. ನಮ್ಮ ಸಭೆಗಳ ಹೆಣ್ಣುಮಕ್ಕಳೇ ದಾದಿಯರಾಗಿ ಅರಬಿ ದೇಶಗಳ ಆಸ್ಪತ್ರೆಗಳಿಗೆ ಹೋಗಿದ್ದಾರೆ. ಪರಭಾಷೆಯವನನ್ನು ಹುಡುಕಿಕೊಂಡು ನಾವು ಊರು ಬಿಟ್ಟು ಹೊರಡಬೇಕಾದದ್ದಿಲ್ಲ. ಅವನೇ ನಮ್ಮ ಬಾವಿಕಟ್ಟೆಗೆ ಬಂದು ನೀರು ಕೇಳುತ್ತಿದ್ದಾನೆ.

ಈ ವಿಷಯದಲ್ಲಿ ಹೇಳಬಹುದಾದದ್ದು ಬಹಳ ಉಂಟು. ನಾವಾದರೋ ಒಂದೇ ಒಂದು ಶಬ್ದವನ್ನು ಹಿಡುಕೊಂಡು ಹೇಳುವೆವು; ಯಾಕಂದರೆ ಆ ಶಬ್ದವು ಹದಿನೇಳು ವರುಷಗಳಿಂದ ನಮ್ಮನ್ನು ತಿದ್ದುತ್ತಾ ಬಂದಿದೆ. ಅದು ಯಾವದೆಂದರೆ, ನೀವು ಈಗಾಗಲೇ ಈ ಪುಟದಲ್ಲಿ ಹಲವು ಸಾರಿ ಓದಿಬಿಟ್ಟಿರುವ 'ನಾವು' ಎಂಬ ಶಬ್ದ.

ನಾವು ಹುಟ್ಟಿ ಬೆಳೆದದ್ದು ಬಯಲುಸೀಮೆಯಲ್ಲಿ, ಜೋಳದ ರೊಟ್ಟಿಯ ನಾಡಿನಲ್ಲಿ. ಧರ್ಮಪಾಠಶಾಲೆಯಲ್ಲಿ ಗ್ರೀಕ್ ಅಕ್ಷರಗಳನ್ನು ಕಲಿತೆವು, ಇಬ್ರಿಯ ಭಾಷೆಯನ್ನೂ ಅಷ್ಟಿಷ್ಟು ಕಲಿತೆವು. ಪ್ರಸಂಗವನ್ನು ಕಟ್ಟುವ ಕ್ರಮವನ್ನೂ ಕಲಿತೆವು. ಅನಂತರ ನಮ್ಮನ್ನು ತುಳುನಾಡಿನ ಒಂದು ಹಳ್ಳಿಯ ಸಭೆಗೆ ಉಪದೇಶಕರನ್ನಾಗಿ ಕಳುಹಿಸಿದರು. ಆಗ ನಮ್ಮ ಮನಸ್ಸಿನಲ್ಲಿ ಏನೂ ಅಂಜಿಕೆ ಇರಲಿಲ್ಲ. ಅಲ್ಲಿಯವರು ಕನ್ನಡ ಸತ್ಯವೇದವನ್ನು ಓದುವವರು, ಕನ್ನಡ ಸಂಗೀತಗಳನ್ನು ಹಾಡುವವರು, ಸಭೆಯ ಪುಸ್ತಕಗಳನ್ನು ಕನ್ನಡದಲ್ಲಿ ಇಡುವವರು; ನಮ್ಮ ಕನ್ನಡವೋ ಅಚ್ಚಕನ್ನಡ; ಇನ್ನೇನು ಬೇಕು ಎಂದುಕೊಂಡೆವು. ಅವರು ನಮ್ಮ ಮಾತನ್ನು ತಿಳುಕೊಳ್ಳುವರೆಂಬದು ನಿಜವೇ ಆಗಿತ್ತು. ಆದರೆ ಅವರ ಮಾತನ್ನು ನಾವು ತಿಳುಕೊಳ್ಳಲಿಲ್ಲ. ಆ ಜನರು ಆರಾಧನೆಯನ್ನು ಕನ್ನಡದಲ್ಲಿ ಮಾಡಿ, ಜಗಳವನ್ನೂ ಜೋಗುಳವನ್ನೂ ಅಳುವದನ್ನೂ ತುಳುವಿನಲ್ಲಿ ಮಾಡುತ್ತಿದ್ದರು. ಹೀಗಿರಲಾಗಿ ನಾವು ಅವರ ಭಾನುವಾರವನ್ನು ಮಾತ್ರ ಬಲ್ಲವರಾದೆವು. ವಾರದ ಉಳಿದ ಆರು ದಿನಗಳು ನಮಗೆ ಮುಚ್ಚಿದ ಬಾಗಿಲುಗಳಾಗಿದ್ದವು.

ತುಳುವನ್ನು ಕಲಿಯತೊಡಗಿದಾಗ ಮೊದಲು ನಗೆಯೇ ಹೆಚ್ಚು. ಮನೆಗೆ ಬಂದ ಹಿರಿಯರನ್ನು ತುಳುವರು 'ಬಲೆ, ಬಲೆ' ಎಂದು ಕರೆಯುತ್ತಾರೆ. ಬನ್ನಿರಿ ಎಂದು ಅದರ ಅರ್ಥ. ಕನ್ನಡದ ಕಿವಿಗೆ ಮೀನು ಹಿಡಿಯುವ ಬಲೆಯೇ ಕೇಳುವದು. ಮೊದಲನೆಯ ಸಾರಿ ನಾವು ಒಂದು ಮನೆಯ ಅಂಗಳದಲ್ಲಿ ನಿಂತು, ಇವರು ಬಲೆಯನ್ನು ಎಲ್ಲಿ ಒಣಗಹಾಕಿದ್ದಾರೆಂದು ಸುತ್ತಲೂ ನೋಡಿದ್ದುಂಟು. ಮತ್ತೆ, ದಾರಿಯಲ್ಲಿ ಕಂಡವರೆಲ್ಲರೂ 'ಒಣಸ್ ಆಂಡಾ' ಎಂದು ಕೇಳುತ್ತಾರೆ. ಊಟ ಆಯಿತೇ ಎಂದು ನಮ್ಮ ಸೀಮೆಯಲ್ಲಿಯೂ ಹಾಗೆಯೇ ಕೇಳುವ ವಾಡಿಕೆ ಇರುವದರಿಂದ ಅದು ಊಟಕ್ಕೆ ಕರೆದದ್ದಲ್ಲ, ಕ್ಷೇಮ ವಿಚಾರಿಸಿದ್ದು ಎಂದು ನಮಗೆ ತಿಳಿಯಿತು. ಹೊರಡುವಾಗ ಅವರು 'ಪೋದು ಬರ್ಪೆ' ಅನ್ನುತ್ತಾರೆ. ನಾವು 'ಹೋಗಿ ಬರುತ್ತೇನೆ' ಅನ್ನುತ್ತೇವೆ. ಬರೇ ಹೋಗುತ್ತೇನೆಂದು ಮನೆಬಾಗಿಲಲ್ಲಿ ಹೇಳುವದು ಇಬ್ಬರಿಗೂ ಅಶುಭ. ಇಂಥ ಹೋಲಿಕೆಗಳನ್ನು ಕಂಡು ಇವರೂ ನಾವೂ ಒಂದೇ ಎಂದು ನಮಗೆ ಧೈರ್ಯ ಹೆಚ್ಚಿತು. ಬೇರೆಯವರ ನಡುವೆ ಬಾಳುವವನು ಹೆಚ್ಚಾಗಿ ಎಡವುವದು ದೊಡ್ಡ ಭೇದಗಳಲ್ಲಿ ಅಲ್ಲ, ಇಲ್ಲಿ ಭೇದವೇ ಇಲ್ಲವೆಂದು ನಂಬಿದ ಕಡೆಯಲ್ಲಿಯೇ.

ಈಗ ಆ ಶಬ್ದಕ್ಕೆ ಬರೋಣ. ನಾವು ಈಗ ಆಡುವ ಕನ್ನಡದಲ್ಲಿ 'ನಾವು' ಎಂಬದು ಒಂದೇ. ತುಳುವಿನಲ್ಲಾದರೋ ಅದಕ್ಕೆ ಎರಡು ಶಬ್ದಗಳಿವೆ. ಕೇಳುವವನನ್ನು ಬಿಟ್ಟು, ಅಂದರೆ 'ನಾವೇ ಹೊರತು ನೀನಲ್ಲ' ಎಂಬ ಅರ್ಥದಲ್ಲಿ ಹೇಳುವಾಗ 'ಎಂಕುಲು'; ಕೇಳುವವನನ್ನೂ ಕೂಡಿಸಿಕೊಂಡು, 'ನೀನೂ ನಾವೂ' ಎಂಬ ಅರ್ಥದಲ್ಲಿ ಹೇಳುವಾಗ 'ನಮ'. ಈ ಭೇದ ತುಳುವಿಗೆ ಮಾತ್ರ ಇರುವದೆಂದು ನೆನಸಬೇಡಿರಿ. ತೆಲುಗರಿಗೆ 'ಮೇಮು' ಬೇರೆ, 'ಮನಮು' ಬೇರೆ. ತಮಿಳರಿಗೆ 'ನಾಂಗಳ್' ಬೇರೆ, 'ನಾಮ್' ಬೇರೆ. ಮಲೆಯಾಳದವರಿಗೆ 'ಞಙ್ಙಳ್' ಬೇರೆ, 'ನಮ್ಮಳ್' ಬೇರೆ. ಮರಾಠಿಯಲ್ಲಿಯೂ 'ಆಮ್ಹಿ' ಮತ್ತು 'ಆಪಣ' ಎಂಬವು ಹೀಗೆಯೇ. ಸುತ್ತಲಿನ ಈ ಭಾಷೆಗಳು ಎರಡು ಬಾಗಿಲುಗಳನ್ನು ಇಟ್ಟುಕೊಂಡಿರುವಾಗ ಕನ್ನಡಿಗರಾದ ನಾವು ಒಂದೇ ಬಾಗಿಲಲ್ಲಿ ಎಲ್ಲರನ್ನೂ ಹಾಯಿಸುತ್ತೇವೆ. ಇದರಲ್ಲಿ ಕನ್ನಡದ ಕುಂದು ಏನೂ ಇಲ್ಲ. ಆದರೆ ನಮಗೆ ಇಲ್ಲದ ಭೇದವನ್ನು ನಮ್ಮ ಕಿವಿಯು ತಾನಾಗಿ ಕೇಳುವದಿಲ್ಲ. ತುಳು ವ್ಯಾಕರಣದಲ್ಲಿ ಅದನ್ನು ಬರೆದೇ ಇಟ್ಟಿದ್ದರು. ಗ್ರೀಕ್ ವ್ಯಾಕರಣವನ್ನು ಬಾಯಿಪಾಠ ಮಾಡಿದ ನಾವು ಆ ಪುಸ್ತಕವನ್ನು ತೆರೆದು ನೋಡಿರಲಿಲ್ಲ.

ನಾವು ಹೋದ ವರುಷದ ಬೆಳೆಹಬ್ಬದಲ್ಲಿ ಮೊದಲನೆಯ ಸಾರಿ ತುಳುವಿನಲ್ಲಿ ಪ್ರಾರ್ಥನೆ ಮಾಡಿದೆವು. ನಮ್ಮ ಪಾಪಗಳನ್ನು ಅರಿಕೆಮಾಡುವಾಗ, ಕೇಳುವದಕ್ಕೆ ಇಂಪಾಗಿಯೂ ಕನ್ನಡಕ್ಕೆ ಹತ್ತಿರವಾಗಿಯೂ ಇದ್ದ 'ನಮ' ಎಂಬ ಮಾತನ್ನೇ ಮತ್ತೆ ಮತ್ತೆ ಉಚ್ಚರಿಸಿದೆವು. ಹಿಂದಿನ ಬೆಂಚುಗಳಲ್ಲಿ ಹುಡುಗರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಆರಾಧನೆಯ ತರುವಾಯ, ಬೀಡಿ ಕಟ್ಟಿ ಜೀವನ ಮಾಡುತ್ತಿದ್ದ ಒಬ್ಬ ಮುದುಕಿಯು ನಮ್ಮನ್ನು ಬದಿಗೆ ಕರೆದು, "ನಿಮ್ಮ ತುಳು ಚೆನ್ನಾಗಿದೆ ಉಪದೇಶಕರೇ, ಆದರೆ ಈ ಹೊತ್ತು ದೇವರನ್ನೂ ನಮ್ಮ ಪಾಪದಲ್ಲಿ ಕೂಡಿಸಿಬಿಟ್ಟಿರಿ. ಪಾಪ ಮಾಡಿದವರು ನಾವು, ಆತನೇನು ಮಾಡಿದನು?" ಎಂದಳು. ಕೇಳುವವನನ್ನೂ ಒಳಗೆ ಸೇರಿಸುವ ಮಾತಿನಿಂದ ನಾವು ದೇವರನ್ನು ಕುರಿತು, 'ನೀನೂ ನಾವೂ ಪಾಪಿಗಳು' ಎಂದು ಅರಿಕೆಮಾಡಿದ್ದೆವು! ನಗುವದಕ್ಕೂ ಅಳುವದಕ್ಕೂ ಆಗದೆ ನಿಂತೆವು. ಆಕೆಯು ಮಾತ್ರ ಒಳ್ಳೇ ಮನಸ್ಸಿನಿಂದ, "ದೇವರಿಗೆ ಹೇಳುವಾಗ ಎಂಕುಲು ಅನ್ನಿರಿ, ಮರೆಯಬೇಡಿರಿ" ಎಂದು ಹೇಳಿಕೊಟ್ಟಳು. ಆ ದಿನ ಮೊದಲ್ಗೊಂಡು ನಾವು ಆಕೆಯನ್ನು ನಮ್ಮ ಸೀಮೆಯ ರೀತಿಯಲ್ಲಿ 'ಅವ್ವ' ಎಂದು ಕರೆಯುತ್ತಿದ್ದೆವು. ಅದು ಆಕೆಗೆ ಹೊಸ ಮಾತಾದರೂ ಇಷ್ಟವಾಗಿತ್ತು.

ಇಷ್ಟರಲ್ಲಿಯೇ ಪಾಠ ಮುಗಿದಿದ್ದರೆ ಇದನ್ನು ನಗೆಯ ಮಾತೆಂದು ಹೇಳಿ ಬಿಟ್ಟುಬಿಡಬಹುದಾಗಿತ್ತು. ಆದರೆ ಪೆಟ್ಟು ತಿಂದವನು ಅತಿ ಜಾಗ್ರತೆಯಿಂದ ಇನ್ನೊಂದು ಕಡೆಗೆ ಬೀಳುವನು. 'ಎಂಕುಲು' ಎಂಬದೇ ಕ್ಷೇಮವಾದ ಮಾತು, ಅದೇ ವಿನಯದ ಮಾತು ಎಂದು ನೆನಸಿ ನಾವು ಎಲ್ಲಾ ಕಡೆಗಳಲ್ಲಿಯೂ ಅದನ್ನೇ ಉಪಯೋಗಿಸತೊಡಗಿದೆವು. ಮುಂದಿನ ಮಳೆಗಾಲದಲ್ಲಿ ಆ ಮುದುಕಿಯ ಒಬ್ಬನೇ ಮಗನು ತೆಂಗಿನ ಮರದಿಂದ ಬಿದ್ದು ತೀರಿಕೊಂಡನು. ನಾವು ಆ ಮನೆಗೆ ಹೋಗಿ ಆಕೆಯ ಮುಂದೆ ಕೂತು, ನಾವು ಒಬ್ಬ ತಮ್ಮನನ್ನು ಕಳಕೊಂಡೆವು, ನಾವೆಲ್ಲರೂ ದುಃಖದಲ್ಲಿ ಮುಳುಗಿದ್ದೇವೆ ಎಂದು ತುಳುವಿನಲ್ಲಿ ಆದರಣೆ ಹೇಳಿದೆವು. ಪ್ರತಿಯೊಂದು 'ನಾವು' ಎಂಬಲ್ಲಿಯೂ 'ಎಂಕುಲು' ಅಂದೆವು. ಆಕೆಯು ಏನೂ ಹೇಳದೆ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು. ದುಃಖದಿಂದ ಹಾಗೆ ಮಾಡಿದಳೆಂದು ನಾವು ತಿಳುಕೊಂಡೆವು. ಹಲವು ತಿಂಗಳು ಕಳೆದ ಮೇಲೆ, ಎಲೆ ಕತ್ತರಿಸುತ್ತಾ ಕೂತಿದ್ದಾಗ, ತಲೆಯೆತ್ತದೆ ಆಕೆಯು ಹೇಳಿದ್ದೇನಂದರೆ: "ಆ ದಿನ ನೀವು ನೀವೇ ಅತ್ತಿರಿ. ಹೆತ್ತವಳನ್ನು ಹೊರಗೆ ನಿಲ್ಲಿಸಿದಿರಿ."

ದೇವರನ್ನು ಒಳಗೆ ಸೇರಿಸಬಾರದ ಸ್ಥಳದಲ್ಲಿ ಸೇರಿಸಿದೆವು. ತಾಯಿಯನ್ನು ಹೊರಗೆ ಹಾಕಬಾರದ ಸ್ಥಳದಲ್ಲಿ ಹೊರಗೆ ಹಾಕಿದೆವು. ಎರಡೂ ಸಾರಿ ನಮ್ಮ ಉದ್ದೇಶ ಒಳ್ಳೇದೇ ಆಗಿತ್ತು. ಆದರೆ ಉದ್ದೇಶವು ಹೇಳುವವನ ಎದೆಯಲ್ಲಿ ಉಳಿಯುವದು. ಕೇಳುವವನಿಗೆ ಸಿಕ್ಕುವದು ಮಾತು ಮಾತ್ರ.

ಇದಾದ ಮೇಲೆ ನಾವು ತುಳು ಹೊಸ ಒಡಂಬಡಿಕೆಯನ್ನು ಹೊಸ ಕಣ್ಣಿನಿಂದ ಓದತೊಡಗಿದೆವು. ಅದು 1847ರಲ್ಲಿ ಮಂಗಳೂರಿನಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. ಅದಕ್ಕಾಗಿ ಬಾಸೆಲ್ ಮಿಶನಿನ ಅಮ್ಮನ್ ಎಂಬವರು ಬಹಳ ಪ್ರಯಾಸಪಟ್ಟರು. ಯೋಚಿಸಿ ನೋಡಿರಿ: ಗ್ರೀಕ್ ಭಾಷೆಯಲ್ಲಿಯೂ ಕನ್ನಡದಂತೆ 'ನಾವು' ಎಂಬದು ಒಂದೇ. ಕನ್ನಡಕ್ಕೆ ತಿರುಗಿಸುವವರು ಯೋಚನೆಯಿಲ್ಲದೆ ದಾಟಿಹೋಗುವ ಪ್ರತಿಯೊಂದು 'ನಾವು' ಎಂಬಲ್ಲಿಯೂ ತುಳುವಿಗೆ ತಿರುಗಿಸುವವರು ನಿಂತು, ಇಲ್ಲಿ ಕೇಳುವವನು ಒಳಗಿದ್ದಾನೋ ಹೊರಗಿದ್ದಾನೋ ಎಂದು ತೀರ್ಮಾನಿಸಲೇಬೇಕು. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಇದು ಸುಲಭ. ತಂದೆಯನ್ನು ಕುರಿತು ಮಕ್ಕಳು ಮಾತಾಡುವದರಿಂದ ಅಲ್ಲಿ 'ಎಂಕುಲು' ಎಂಬ ವರ್ಗದ ಮಾತೇ ಬೇಕು. ಆದರೆ ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ತೆಗೆದುಕೊಳ್ಳಿರಿ. ಬಿರುಗಾಳಿ ಎದ್ದಿದೆ, ದೋಣಿಯೊಳಗೆ ನೀರು ತುಂಬುತ್ತಿದೆ, ಕರ್ತನು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದಾನೆ. ಶಿಷ್ಯರು ಆತನನ್ನು ಎಬ್ಬಿಸಿ, ನಾವು ಸಾಯುತ್ತಿರುವದು ನಿನಗೆ ಚಿಂತೆಯಿಲ್ಲವೋ ಎಂದು ಕೇಳುತ್ತಾರೆ. ಅದು ಯಾವ 'ನಾವು'? 'ನಮ' ಎಂದು ಹೇಳಿದರೆ, ನೀನೂ ಇದೇ ದೋಣಿಯಲ್ಲಿದ್ದೀ, ನೀನೂ ನಮ್ಮ ಸಂಗಡ ಮುಳುಗುವಿ ಎಂದು ಅರ್ಥವಾಗುವದು. 'ಎಂಕುಲು' ಎಂದು ಹೇಳಿದರೆ, ನಿನಗೇನು, ಸಾಯುವವರು ನಾವು ಎಂಬ ದೂರು ಅದರಲ್ಲಿ ಇರುವದು. ಶಿಷ್ಯರ ನಂಬಿಕೆ ಎಷ್ಟು, ಭಯ ಎಷ್ಟು ಎಂಬದೆಲ್ಲವೂ ಆ ಒಂದು ಶಬ್ದದಲ್ಲಿ ಕೂತಿದೆ. ಕನ್ನಡದಲ್ಲಿ ಹತ್ತಾರು ಸಾರಿ ಈ ಭಾಗದ ಮೇಲೆ ಪ್ರಸಂಗ ಮಾಡಿದ್ದ ನಮಗೆ ಈ ಪ್ರಶ್ನೆ ಒಂದು ಸಾರಿಯಾದರೂ ಹೊಳೆದಿರಲಿಲ್ಲ. ಇನ್ನು ಲೂಕನ ಏಳನೆಯ ಅಧ್ಯಾಯದಲ್ಲಿ ಕಪೆರ್ನೌಮಿನ ಹಿರಿಯರು ಶತಾಧಿಪತಿಯ ಪರವಾಗಿ ಕರ್ತನ ಹತ್ತಿರ ಬಂದು, ಅವನು ನಮ್ಮ ಜನರನ್ನು ಪ್ರೀತಿಸುವವನು, ನಮಗೆ ಸಭಾಮಂದಿರವನ್ನು ಕಟ್ಟಿಸಿಕೊಟ್ಟವನು ಎಂದು ಹೇಳುವ ಮಾತನ್ನು ನಿಮ್ಮ ನಿಮ್ಮ ಅಧ್ಯಯನ ಕೂಟಗಳಲ್ಲಿ ನೋಡಿರಿ. ಆ ಜನರಲ್ಲಿ ಯೇಸುವೂ ಒಬ್ಬನಷ್ಟೆ. ಆ ಮಂದಿರದ ವಿಷಯದಲ್ಲಿ ಹೇಗೆ? ತುಳು ಬಲ್ಲವರು ಇದ್ದರೆ ಅವರನ್ನು ಕೇಳಿ ತೀರ್ಮಾನಿಸಿರಿ. ಕೇಳುವಾಗ ನೀವು ಶಿಷ್ಯರು, ಅವರು ಗುರುಗಳು ಎಂಬದನ್ನು ಮರೆಯಬೇಡಿರಿ.

ಹೀಗೆ ಶಿಷ್ಯರಾಗಿ ಕೂತು ಕಲಿತ ಪರದೇಶದವರು ನಮ್ಮ ನಾಡಿನಲ್ಲಿ ಇದ್ದರು. 1834ರಲ್ಲಿ ಬಾಸೆಲ್ ಮಿಶನಿನ ಮೊದಲಿನ ಮೂವರು ಬಂದಾಗ ಅವರಿಗೆ ಇಲ್ಲಿಯ ಭಾಷೆ ಬಾರದು. 1836ರಲ್ಲಿ ಬಂದ ಹೆರ್ಮನ್ ಮೊಗ್ಲಿಂಗರು ಕನ್ನಡವನ್ನು ಬರೇ ಪ್ರಸಂಗಕ್ಕೆ ಬೇಕಾದಷ್ಟು ಕಲಿತು ನಿಲ್ಲಿಸಲಿಲ್ಲ. ಜನರ ಗಾದೆಗಳನ್ನು ಕೂಡಿಸಿದರು, ದಾಸರ ಪದಗಳನ್ನು ಕೂಡಿಸಿ ಅಚ್ಚುಹಾಕಿಸಿದರು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಿಂದ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಕನ್ನಡದ ಮೊದಲನೆಯ ವರ್ತಮಾನಪತ್ರಿಕೆ ಅದೇ. 1853ರಲ್ಲಿ ಬಂದ ಫೆರ್ಡಿನಾಂಡ್ ಕಿಟ್ಟೆಲರ ಹೆಸರನ್ನು ನೀವೆಲ್ಲರೂ ಬಲ್ಲಿರಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳುಂಟು. ಅದನ್ನು ಬರೇ ದೊಡ್ಡ ಪುಸ್ತಕವೆಂದು ಹೊಗಳುವವರು ಬಹಳ ಮಂದಿ. ತೆರೆದು ಓದುವವರು ಸ್ವಲ್ಪ. ತೆರೆದು ನೋಡಿದರೆ ಹಳಗನ್ನಡ ಕವಿಗಳ ಮಾತಿನ ಪಕ್ಕದಲ್ಲಿಯೇ ಹೊಲದವರ ಗಾದೆಯೂ ಅಡುಗೆಮನೆಯ ಮಾತೂ ಕೂತಿರುವದನ್ನು ಕಾಣುವಿರಿ. ಪಂಡಿತರನ್ನು ಕೇಳಿ ಒಂದು ಅರ್ಥವನ್ನು ಬರಕೊಂಡು, ಅದೇ ಶಬ್ದವನ್ನು ಬೀದಿಯಲ್ಲಿ ಯಾವ ಅರ್ಥದಲ್ಲಿ ಆಡುತ್ತಾರೆಂದು ಮತ್ತೆ ವಿಚಾರಿಸಿದವರ ಕೆಲಸ ಅದು.

ಆದರೂ ಒಂದು ಮಾತನ್ನು ಮುಚ್ಚಿಡಬಾರದು. ಭಾಷೆಯನ್ನು ಕಲಿತದ್ದರಿಂದಲೇ ಮನಸ್ಸು ಮೆತ್ತಗಾಗುವದೆಂಬ ನಿಯಮವಿಲ್ಲ. ಆ ಕಾಲದ ಮಿಶನರಿಗಳು ಅಚ್ಚುಹಾಕಿಸಿದ ಕೆಲವು ಚಿಕ್ಕ ಪುಸ್ತಕಗಳು ಒಳ್ಳೇ ಕನ್ನಡದಲ್ಲಿಯೇ ಈ ನಾಡಿನವರ ಆಚಾರಗಳನ್ನು ಬಹಳ ಕಠಿಣವಾಗಿ ಹಳಿದವು. ಮಾತು ತಪ್ಪಿಲ್ಲದೆ ಇತ್ತು. ಕೇಳುವವನು ಅದರಲ್ಲಿ ಹೊರಗೆ ನಿಂತಿದ್ದನು. ಅಂಥ ಕನ್ನಡಕ್ಕಿಂತ ಆ ಮುದುಕಿಯ ಮುಂದೆ ತೊದಲಿದ ನಮ್ಮ ತುಳು ಉತ್ತಮವೆಂದು ಹೇಳುವದಕ್ಕೂ ನಮಗೆ ಬಾಯಿಲ್ಲ.

ಅಪೊಸ್ತಲರಿಗೂ ಇಂಥ ಸಂಕಟ ಬಂದದ್ದುಂಟೆಂದು ನೆನಸಿದರೆ ಸ್ವಲ್ಪ ಸಮಾಧಾನವಾಗುವದು. ಅಪೊಸ್ತಲರ ಕೃತ್ಯಗಳ ಹದಿನಾಲ್ಕನೆಯ ಅಧ್ಯಾಯದಲ್ಲಿ ಪೌಲನೂ ಬಾರ್ನಬನೂ ಲುಸ್ತ್ರ ಎಂಬ ಊರಿನಲ್ಲಿದ್ದಾರೆ. ಹುಟ್ಟುಕುಂಟನು ಎದ್ದು ನಡೆದದ್ದನ್ನು ಕಂಡು ಜನರು ಕೂಗಿದರು. ಆದರೆ ಗ್ರೀಕಿನಲ್ಲಿ ಅಲ್ಲ, ತಮ್ಮ ಮನೆಮಾತಾದ ಲುಕವೋನ್ಯದಲ್ಲಿ. ಅವರು ಬಾರ್ನಬನನ್ನು ಜ್ಯೂಸ್ ದೇವರೆಂತಲೂ ಮುಂದಾಗಿ ಮಾತಾಡುತ್ತಿದ್ದ ಪೌಲನನ್ನು ಹೆರ್ಮೆ ದೇವರೆಂತಲೂ ಕೂಗುತ್ತಿದ್ದರು. ಅಪೊಸ್ತಲರು ಆ ಕೂಗಿಗೆ ಕೂಡಲೆ ಉತ್ತರ ಕೊಟ್ಟಂತೆ ಕಾಣುವದಿಲ್ಲ. ಪೂಜಾರಿಯು ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದು ಬಲಿಯನ್ನು ಅರ್ಪಿಸಬೇಕೆಂದಿದ್ದಾಗ ಮಾತ್ರ ಅವರು ಬಟ್ಟೆಗಳನ್ನು ಹರಕೊಂಡು ಜನರ ನಡುವೆ ಓಡಿದರು. ಜನರ ಗ್ರೀಕನ್ನು ಅವರು ಬಲ್ಲರು; ಜನರ ಎದೆಯ ಮಾತನ್ನು ಅರಿಯರೆಂದು ಇದರಿಂದ ನಮಗೆ ತೋರುತ್ತದೆ. ಮೂರು ಅಧ್ಯಾಯಗಳು ಕಳೆದ ಮೇಲೆ ಅದೇ ಪೌಲನು ಅಥೇನೆ ಪಟ್ಟಣದಲ್ಲಿ ಇದ್ದಾನೆ. ಅಲ್ಲಿ ಅವನು ಮೊದಲು ಬೀದಿಗಳಲ್ಲಿ ತಿರುಗಾಡಿ, ಅವರು ಪೂಜಿಸುವವುಗಳನ್ನು ನೋಡಿ, ತಿಳಿಯದ ದೇವರಿಗೆಂದು ಕಟ್ಟಿದ ಒಂದು ವೇದಿಯ ಮೇಲಿನ ಬರಹವನ್ನು ಓದಿ, ಅದರಿಂದಲೇ ತನ್ನ ಮಾತನ್ನು ಆರಂಭಿಸುತ್ತಾನೆ. ಅವರ ಸ್ವಂತ ಕವಿಗಳ ಮಾತನ್ನು ಅವರಿಗೇ ನೆನಪುಮಾಡುತ್ತಾನೆ. ಅಲ್ಲಿಯೂ ಎಲ್ಲರೂ ಒಪ್ಪಲಿಲ್ಲ, ಕೆಲವರು ಹಾಸ್ಯಮಾಡಿದರು. ಆದರೆ ಅವನು ಹೇಳಿದ್ದು ಏನೆಂದು ತಿಳಿದುಕೊಂಡೇ ಹಾಸ್ಯಮಾಡಿದರು.

ನಮ್ಮ ಹಳ್ಳಿಗಳ ಒಂದು ಸಣ್ಣ ವಾಡಿಕೆಯನ್ನೂ ಇಲ್ಲಿ ಹೇಳಬೇಕು. ನಾವು ಒಬ್ಬರ ಮಾತನ್ನು ಕೇಳುತ್ತಾ 'ಹೂಂ, ಹೂಂ' ಅನ್ನುತ್ತೇವೆ. ಕೇಳಿಸಿತು, ಮುಂದೆ ಹೇಳಿರಿ ಎಂದು ಅದರ ಅರ್ಥವೇ ಹೊರತು ಒಪ್ಪಿದೆವೆಂದು ಅಲ್ಲ. 'ಆಗಲಿ, ನೋಡೋಣ' ಎಂದರೆ ಬಹಳ ಸಾರಿ ಆಗುವದಿಲ್ಲವೆಂದೇ ಅರ್ಥ. ಹೊರಗಿನವರು ಇದನ್ನು ತಿಳಿಯದೆ, ಇವರು ಮಾತು ಕೊಟ್ಟು ತಪ್ಪಿದರು ಎಂದು ಬೇಸರಪಡುತ್ತಾರೆ. ಹಾಗೆಯೇ ಕೂಲಿಗೆ ಬಂದ ಪರದೇಶಿಯು ತಲೆಯಾಡಿಸಿದನೆಂದು ನಾವು ಅವನು ತಿಳುಕೊಂಡನೆಂದು ನಂಬುತ್ತೇವೆ. ಕೆಲಸ ಹೋಗುವದೆಂಬ ಅಂಜಿಕೆಯಿಂದಲೂ ಮನುಷ್ಯನು ತಲೆಯಾಡಿಸುವನು. ಗೊತ್ತಾಯಿತೋ ಎಂದು ಕೇಳುವದರಲ್ಲಿ ಪ್ರಯೋಜನವಿಲ್ಲ. ಈಗ ಏನು ಮಾಡುವಿ, ಹೇಳು ನೋಡೋಣ ಎಂದು ಕೇಳಿರಿ. ಅವನ ಉಚ್ಚಾರಣೆಗೆ ಮಾತ್ರ ನಗಬೇಡಿರಿ. ಯೊರ್ದನಿನ ಹಾಯಗಡಗಳಲ್ಲಿ 'ಶಿಬ್ಬೋಲೆತ್' ಎಂದು ಹೇಳಲಾರದೆ 'ಸಿಬ್ಬೋಲೆತ್' ಎಂದವರಿಗೆ ಏನಾಯಿತೆಂಬದು ನ್ಯಾಯಸ್ಥಾಪಕರ ಹನ್ನೆರಡನೆಯ ಅಧ್ಯಾಯದಲ್ಲಿ ಬರೆದದೆ. ಆ ದಿನಗಳಲ್ಲಿ 42,000 ಮಂದಿ ಎಫ್ರಾಯೀಮ್ಯರು ಸತ್ತರು.

ಈಗ ನಾವು ಹೇಳಬೇಕೆಂದಿರುವ ಸಂಗತಿಗೆ ಬರುತ್ತೇವೆ. ಇದನ್ನು ಬರೆಯುವದೋ ಬೇಡವೋ ಎಂದು ಬಹಳ ದಿನ ಯೋಚಿಸಿದೆವು.

ನಮ್ಮ ಹಳ್ಳಿಯ ಹತ್ತಿರದ ಒಂದು ಕಲ್ಲಿನ ಕೋರೆಗೆ ನಮ್ಮ ಸೀಮೆಯಿಂದಲೇ ಬಂದ ಒಂದು ಕುಟುಂಬವು, ತಗಡಿನ ಗುಡಿಸಲಲ್ಲಿ ಇದ್ದುಕೊಂಡು, ಎರಡು ವರುಷಗಳಿಂದ ಆರಾಧನೆಗೆ ಬರುತ್ತಿತ್ತು. ಅವರು ಊರಿನ ಸಭೆಯಿಂದ ಪತ್ರ ತಂದಿರಲಿಲ್ಲ. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು, ಕಡೆಯ ಸಂಗೀತಕ್ಕೆ ಎದ್ದು ಹೋಗುವರು. ಕಳೆದ ಮಳೆಗಾಲದಲ್ಲಿ ಅವರ ಒಂದೂವರೆ ವರುಷದ ಕೂಸು ಜ್ವರದಿಂದ ತೀರಿಕೊಂಡಿತು. ಸಭೆಯ ಹಿರಿಯರೊಬ್ಬರು ಸುದ್ದಿ ಕೇಳಿದ ಕೂಡಲೇ ಮಳೆಯಲ್ಲಿ ಹೋಗಿ ತಮ್ಮ ಸ್ವಂತ ಹಣದಿಂದ ಬಿಳೀ ಬಟ್ಟೆಯನ್ನು ತಂದರು. ಇದನ್ನು ಮೊದಲೇ ಹೇಳುವದು ನ್ಯಾಯ. ಆದರೆ ಸಮಾಧಿಭೂಮಿಯ ಬಾಗಿಲಲ್ಲಿ ನಿಂತಾಗ ಅವರು ನಮ್ಮ ಕಡೆಗೆ ತಿರುಗಿ ತುಳುವಿನಲ್ಲಿ, ನಮ್ಮ ಭೂಮಿಯಲ್ಲಿ ಸ್ಥಳ ಬಹಳ ಕಡಿಮೆ, ಆದರೂ ಈ ಸಾರಿ ಇರಲಿ ಎಂದರು. ಅವರು ಅಂದ 'ನಮ್ಮ' ಎಂಬದು 'ಎಂಕುಲು' ಎಂಬದರಿಂದ ಹುಟ್ಟಿದ ಮಾತು. ತಾಯಿಯು ನಮ್ಮ ಮುಖ ನೋಡಿದಳು. ಹಿರಿಯರು ಏನಂದರೆಂದು ಕೇಳುತ್ತಾಳೆಂದು ತಿಳಿದು ನಾವು ಅದನ್ನು ಕನ್ನಡದಲ್ಲಿ ತಿರುಗಿಸಿ ಹೇಳಿದೆವು. ಕನ್ನಡದಲ್ಲಿ 'ನಮ್ಮ' ಎಂಬದು ಒಂದೇ ಅಷ್ಟೇ. ಮುಳ್ಳನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಂತೆ ಆಯಿತು. ಹಾಗೆ ಕೊಟ್ಟದ್ದಕ್ಕಾಗಿ ಆ ಗಳಿಗೆಯಲ್ಲಿ ನಮಗೆ ಒಳಗೊಳಗೇ ಸಮಾಧಾನವೂ ಆಯಿತು. ಸಭಾಪಾಲಕರು ಬಂದರು, ಕೂಸಿಗೆ ಮಣ್ಣಾಯಿತು.

ಆ ಮೇಲೆ ಅವರು ಆರಾಧನೆಗೆ ಬರಲಿಲ್ಲ. ಮೂರನೆಯ ವಾರ ನಾವು ಗುಡಿಸಲಿಗೆ ಹೋದೆವು. ತಾಯಿಯು ನಮಗೆ ಕುಳ್ಳಿರುವದಕ್ಕೆ ಗೋಣಿಚೀಲವನ್ನು ಹಾಸಿ, ಚಹಾ ಕೊಟ್ಟು, ನಮ್ಮ ಸೀಮೆಯ ಮಾತಿನಲ್ಲಿಯೇ ಹೇಳಿದಳು: "ಅಯ್ಯನವರ, ಅವರು ಯಾವ 'ನಾವು' ಅಂದ್ರು ಅಂತ ನನಗ ತಿಳೀತ್ರಿ. ಕೋರಿಯೊಳಗ ಕಲ್ಲು ಹೊರಸೂಮುಂದ 'ನಮ' ಅಂತಾರ, ಕೂಲಿ ಲೆಕ್ಕ ಮಾಡೂಮುಂದ 'ಎಂಕುಲು' ಅಂತಾರ. ಎರಡು ವರ್ಷ ಅದನ್ನ ಕೇಳೇ ಕಲ್ತೀನ್ರಿ. ಕೂಸಿಗೆ ಜಾಗಾ ಕೊಟ್ರು, ಅದಕ್ಕ ಕೈ ಮುಗೀತೀನಿ. ನೀವು ಯಾಕ ಅದನ್ನ ನನಗ ಬ್ಯಾರೆ ಮಾಡಿ ಹೇಳಿದ್ರಿ?"

ಧರ್ಮಪಾಠಶಾಲೆಯಲ್ಲಿ ನಾಲ್ಕು ವರುಷ ಕಲಿತ ನಮಗೆ ತಿಳಿಯದೆ ಹೋದದ್ದನ್ನು ಕಲ್ಲು ಹೊರುವ ಹೆಂಗಸು ಕಲಿತಿದ್ದಳು. ಯಾಕಂದರೆ ಅವಳ ಹೊಟ್ಟೆಯು ಅದರ ಮೇಲೆ ನಿಂತಿತ್ತು. ದುರ್ಬಲನಾದವನು ಬಲಿಷ್ಠನ ಭಾಷೆಯನ್ನು ಬಹಳ ಬೇಗನೆ ಕಲಿಯುವನು. ಅವನ ಮುಂದೆ ಅವನಿಗೆ ತಿಳಿಯದೆಂದು ನಂಬಿ ನಾವು ಆಡುವ ಮಾತುಗಳೇ ಅವನಿಗೆ ನಮ್ಮ ನಿಜವಾದ ಉಪದೇಶ. ನಾವು ಅವಳಿಗೆ ಉತ್ತರ ಕೊಡಲಿಲ್ಲ, ಕೊಡುವದಕ್ಕೆ ಉತ್ತರವಿರಲಿಲ್ಲ. ತಪ್ಪಾಯಿತು ಎಂದು ಮಾತ್ರ ಹೇಳಿದೆವು. ಅದನ್ನು ತುಳುವಿನಲ್ಲಿ ಹೇಳಬೇಕಾದ ಪಕ್ಷಕ್ಕೆ ಯಾವ 'ನಾವು' ಎಂದು ಹೇಳುತ್ತಿದ್ದೆವೋ ಎಂದು ದಾರಿಯಲ್ಲಿ ಬರುವಾಗ ಯೋಚಿಸಿದೆವು. ತಪ್ಪಿನಲ್ಲಿ ಅವಳ ಪಾಲು ಇರಲಿಲ್ಲ. ಆದದರಿಂದ ಅಲ್ಲಿ 'ಎಂಕುಲು' ಎಂಬದೇ ಸರಿ.

ಸುಗ್ಗಿಯ ಮೊದಲು ಹಿರಿಯರ ಕೂಟ ಸೇರಿತು. ಸಮಾಧಿಭೂಮಿಯಲ್ಲಿ ಸ್ಥಳ ಕಡಿಮೆ ಎಂಬದು ಸುಳ್ಳಲ್ಲ. ಒಂದು ಕಡೆ ಹೊಳೆ, ಮತ್ತೊಂದು ಕಡೆ ರಸ್ತೆ. ಇನ್ನು ಮೇಲೆ ಹೇಗೆ ಮಾಡಬೇಕೆಂಬದಕ್ಕೆ ಒಂದು ನಿಯಮವನ್ನು ಬರೆದಿಡಬೇಕೆಂದು ಮಾತು ಬಂತು. ನಡವಳಿಯ ಪುಸ್ತಕವನ್ನು ಬರೆಯುವ ಕೆಲಸ ನಮ್ಮದು. ಅದೇ ಹಿರಿಯರು ಕನ್ನಡದಲ್ಲಿ ಹೇಳುತ್ತಾ, "ನಮ್ಮವರಿಗೆ ಮೊದಲು ಸ್ಥಳ ಕೊಡತಕ್ಕದ್ದು, ಎಂದು ಬರೆಯಿರಿ" ಅಂದರು. ನಾವು ಲೇಖಣಿಯನ್ನು ಕೆಳಗಿಟ್ಟು, "ತುಳುವಿನಲ್ಲಿ ಹೇಳಿರಿ, ಆ ಮೇಲೆ ಬರೆಯುತ್ತೇವೆ" ಎಂದೆವು. ಯಾಕೆಂದು ಅವರು ಕೇಳಿದರು. ಆ ತಾಯಿಯು ಹೇಳಿದ್ದನ್ನು ನಾವು ಅವಳ ಮಾತಿನಲ್ಲಿಯೇ, ಕೋರೆಯ ಕೂಲಿಯ ಲೆಕ್ಕವನ್ನೂ ಬಿಡದೆ ಹೇಳಿದೆವು. ನಾವು ಅದನ್ನು ಬೇರೆ ಮಾಡಿ ತಿರುಗಿಸಿದ್ದನ್ನೂ ಹೇಳಿದೆವು.

ಅವರು ಬಹಳ ಹೊತ್ತು ಸುಮ್ಮನೆ ಕೂತರು. ಬೇರೆ ಹಿರಿಯರು ಮುಂದಿನ ಸಂಗತಿಯನ್ನು ಎತ್ತಿದರು. ಮಾಡಿನ ಹಂಚಿನ ಲೆಕ್ಕ, ಬೆಳೆಹಬ್ಬದ ಏಲದ ಹಣ. ಅದೆಲ್ಲ ಮುಗಿದು ಎದ್ದು ಹೊರಡುವಾಗ ಅವರು ನಮ್ಮ ಮೇಜಿನ ಹತ್ತಿರ ಬಂದು ಸಭೆಯ ಕುಟುಂಬಗಳ ಪುಸ್ತಕವನ್ನು ಕೇಳಿ ತೆಗೆದುಕೊಂಡು, ಕಡೆಯ ಪುಟವನ್ನು ತಿರುವಿ, ಕೋರೆಯ ಮನೆಯವರ ಹೆಸರನ್ನು ಕನ್ನಡದಲ್ಲಿ ಹೇಗೆ ಬರೆಯುವದೆಂದು ಕೇಳಿದರು; ಕೂಸಿನ ಹೆಸರನ್ನೂ ಕೇಳಿದರು.